ಮೇಜುಬಟ್ಟೆಯಿಂದ ಶುರುವಾದ ಪ್ರದರ್ಶನ: ಎಜ್ರಾ ಜ್ಯಾಕ್ ಕೀಟ್ಸ್ ಅವರ ಯಹೂದಿ ಬೇರುಗಳನ್ನು ನಾವು ತೋರಿಸಿದ ರೀತಿ

ಎಜ್ರಾ ಜ್ಯಾಕ್ ಕೀಟ್ಸ್ ಅಮೆರಿಕದ ಮಕ್ಕಳ ಪುಸ್ತಕಗಳ ಲೇಖಕ, ಚಿತ್ರಕಾರ. ಅವರ ಬಗ್ಗೆ ನಮ್ಮ ಗ್ರಂಥಾಲಯದಲ್ಲಿ ಒಂದು ಪ್ರದರ್ಶನ ಮಾಡಿದೆವು. ಒಟ್ಟು ಖರ್ಚು 600 ಡಾಲರ್ ದಾಟಲಿಲ್ಲ. ಒಂದೇ ಒಂದು ಮೂಲಚಿತ್ರ ಇರಲಿಲ್ಲ. ಯಾವ ಚಿತ್ರವನ್ನೂ ಸ್ಕ್ಯಾನ್ ಮಾಡಿ ದೊಡ್ಡದು ಮಾಡಲಿಲ್ಲ. ಆದರೂ ಜನ ನಿಂತು ನೋಡಿದರು. ಮಕ್ಕಳು ಅಪ್ಪ ಅಮ್ಮನನ್ನು ಎಳೆದುಕೊಂಡು ಮತ್ತೆ ಬಂದರು. ಇದು ಆಗುವ ಕೆಲಸವಲ್ಲ ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅಮೆರಿಕದ ಗ್ರಂಥಾಲಯಗಳಲ್ಲಿ ಕೆಲಸ ಮಾಡುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಊರ ಕಡೆ ಮಕ್ಕಳ ಗ್ರಂಥಾಲಯ ನಡೆಸುವ ಗೆಳತಿಯರೂ ಕೇಳುತ್ತಿದ್ದರು. ಅದಕ್ಕೇ ಕನ್ನಡದಲ್ಲೇ ಬರೆದುಬಿಡೋಣ ಅನ್ನಿಸಿತು.

ನಾನು ನ್ಯೂಜೆರ್ಸಿಯ ಒಂದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ, ಮಕ್ಕಳ ವಿಭಾಗದಲ್ಲಿದ್ದೇನೆ. ಇಲ್ಲಿ ಮೇ ತಿಂಗಳು ಯಹೂದಿ ಅಮೆರಿಕನ್ನರ ಪರಂಪರೆಯ ತಿಂಗಳು. 2006ರಿಂದ ಇದು ನಡೆದುಕೊಂಡು ಬಂದಿದೆ. ನಮ್ಮಲ್ಲಿ ಪ್ರತಿ ವರ್ಷ ಅದೇ ಸಾಮಾನು ಹೊರಗೆ ಬರುತ್ತಿತ್ತು. ಒಂಬತ್ತು ಕವಲಿನ ದೀಪದ ಕಂಬ, ಮರದ ಬುಗುರಿ, ಐನ್‌ಸ್ಟೈನ್ ಪೋಸ್ಟರ್. ಹನುಕ್ಕಾ ಹಬ್ಬ ಬರುವುದು ಚಳಿಗಾಲದಲ್ಲಿ. ಅದರ ದೀಪವನ್ನು ಮೇ ತಿಂಗಳಲ್ಲಿ ಇಟ್ಟರೆ ಯಹೂದಿ ಮನೆಯವರಿಗೇ ಅದು ತಮ್ಮದು ಅನ್ನಿಸುವುದಿಲ್ಲ. ಯಾರೂ ನಿಲ್ಲುತ್ತಿರಲಿಲ್ಲ.

ನಾನು ಕೀಟ್ಸ್ ಹೆಸರು ಹೇಳಿದಾಗ ಸಮಿತಿಯಲ್ಲಿ ಎಲ್ಲರಿಗೂ ಅನುಮಾನ. 'ದ ಸ್ನೋಯಿ ಡೇ' ಎಲ್ಲರಿಗೂ ಗೊತ್ತು. ಕೆಂಪು ಬಟ್ಟೆ ಹಾಕಿಕೊಂಡು ಹಿಮದಲ್ಲಿ ಆಡುವ ಕಪ್ಪು ಹುಡುಗ ಪೀಟರ್. 1962ರ ಪುಸ್ತಕ, 1963ರಲ್ಲಿ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ತನ್ನ 125 ವರ್ಷದ ಲೆಕ್ಕ ತೆಗೆದು 2020ರಲ್ಲಿ ಪಟ್ಟಿ ಹಾಕಿದಾಗ, ಅತಿ ಹೆಚ್ಚು ಸಲ ಎರವಲು ಹೋದ ಪುಸ್ತಕ ಇದೇ. 4,85,583 ಸಲ. ಆದರೆ ಈ ಪುಸ್ತಕದಲ್ಲಿ ಯಹೂದಿ ವಿಷಯ ಎಲ್ಲಿದೆ? ಹಬ್ಬ ಇಲ್ಲ, ಪ್ರಾರ್ಥನೆ ಇಲ್ಲ, ಹೀಬ್ರೂ ಅಕ್ಷರ ಇಲ್ಲ. ಇದು ಅವರ ಮೊದಲ ಪ್ರಶ್ನೆ. ಎರಡನೆಯದು, ಮೂಲಚಿತ್ರ ಇಲ್ಲದೆ ಏನು ತೋರಿಸುತ್ತೀರಿ? ಮೂರನೆಯದನ್ನು ಒಬ್ಬರು ಮೆತ್ತಗೆ ಕೇಳಿದರು: ಇದನ್ನು ಯಹೂದಿಗಳೇ ಮಾಡಿದರೆ ಚೆನ್ನಲ್ಲವೇ, ನೀವು ಭಾರತದವರು.

ಕೀಟ್ಸ್ ಹುಟ್ಟಿದಾಗ ಇಟ್ಟ ಹೆಸರು ಜೇಕಬ್ ಎಜ್ರಾ ಕಾಟ್ಜ್. 1916, ಬ್ರೂಕ್ಲಿನ್‌ನ ಈಸ್ಟ್ ನ್ಯೂಯಾರ್ಕ್. ತಂದೆ ಬೆಂಜಮಿನ್, ತಾಯಿ ಗಸ್ಸಿ. ಇಬ್ಬರೂ ಪೋಲೆಂಡಿನಿಂದ ಬಂದ ಯಹೂದಿಗಳು. ಬಡತನ. ನನಗೆ ದಾರಿ ತೋರಿಸಿದ್ದು ಕೀಟ್ಸ್ ತಾವೇ ಹೇಳಿಕೊಂಡ ಬಾಲ್ಯದ ಒಂದು ಸಂಗತಿ. ಹುಡುಗ ಅಡುಗೆಮನೆಯ ಎನಾಮಲ್ ಮೇಜಿನ ತುಂಬ ಚಿತ್ರ ಬಿಡಿಸಿಬಿಟ್ಟ. ಬೈಗುಳ ಬೀಳುತ್ತದೆ ಅಂದುಕೊಂಡಿದ್ದ. ಅಮ್ಮ ಅದನ್ನು ಒರೆಸಲಿಲ್ಲ. ಶುಕ್ರವಾರ ಸಂಜೆ ಮಾತ್ರ ಹಾಸುವ ಮೇಜುಬಟ್ಟೆ ತಂದು ಚಿತ್ರದ ಮೇಲೆ ಮುಚ್ಚಿದರು. ಪಕ್ಕದ ಮನೆಯವರು ಬಂದಾಗಲೆಲ್ಲ ಬಟ್ಟೆ ಎತ್ತಿ ಮಗನ ಚಿತ್ರ ತೋರಿಸಿದರು.

ಶುಕ್ರವಾರ ಸೂರ್ಯ ಮುಳುಗಿದರೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುರು. ಮನೆಯಲ್ಲಿರುವ ಒಳ್ಳೆಯ ಬಟ್ಟೆ ಹೊರಗೆ ಬರುವುದು ಆ ಹೊತ್ತಿಗೆ. ಆ ಬಟ್ಟೆಯನ್ನು ತಾಯಿ ಮಗನ ಗೀಚಾಟಕ್ಕೆ ಹೊದಿಸಿದರು. ಯಹೂದಿ ಪರಂಪರೆ ಎಲ್ಲಿದೆ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೇ, ಈ ಮೇಜಿನ ಮೇಲಿದೆ. ಪ್ರದರ್ಶನವನ್ನು ಇದರ ಸುತ್ತ ಕಟ್ಟಬೇಕು, ಹಬ್ಬದ ಸಾಮಾನು ಒಂದೂ ಬೇಡ ಎಂದು ಹಟ ಹಿಡಿದೆ.

ಮೂಲಚಿತ್ರಗಳ ಮಾತು ಬೇಗ ಮುಗಿಸುತ್ತೇನೆ. ಅವು ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಡಿ ಗ್ರುಮ್ಮಂಡ್ ಸಂಗ್ರಹದಲ್ಲಿವೆ. ಎರವಲು ತರಬೇಕಾದರೆ ವಿಮೆ, ಬೀಗದ ಕೇಸು, ಹದವಾದ ತೇವ, ಮಂದ ಬೆಳಕು ಎಲ್ಲ ಬೇಕು. ನಮ್ಮ ಮುಂಗೋಣೆ ಗಾಜಿನದು. ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಿಸಿಲು ಸೀದಾ ಒಳಗೆ ಬರುತ್ತದೆ. ಕೇಳುವ ಪ್ರಶ್ನೆಯೇ ಇಲ್ಲ. ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂ 2011ರಲ್ಲಿ ಮೂಲಚಿತ್ರಗಳನ್ನೇ ಇಟ್ಟು ದೊಡ್ಡ ಪ್ರದರ್ಶನ ಮಾಡಿತ್ತು. ಅದರ ಜೊತೆ ಪೈಪೋಟಿ ನಮ್ಮಂಥವರಿಗೆ ಆಗದು.

ಸಮಿತಿಯವರ ಯೋಜನೆ ಫೋಮ್ ಬೋರ್ಡ್ ಫಲಕಗಳು. ಮೊದಲು ಅದನ್ನೇ ಮಾಡಿ ನೋಡಿದೆವು. ಒಂದೊಂದರಲ್ಲೂ ಮುನ್ನೂರು ಪದ. ಪ್ರಿಂಟಿಗೆ 150 ಡಾಲರ್ ಹತ್ತಿರ ಹೋಯಿತು. ಫಲಕಗಳು ಎ.ಸಿ. ಗಾಳಿಗೆ ವಾರದೊಳಗೆ ಬಿಲ್ಲಿನ ಹಾಗೆ ಬಾಗಿದವು. ಅದಕ್ಕಿಂತ ಕೆಟ್ಟದ್ದೆಂದರೆ ಯಾರೂ ಓದಲಿಲ್ಲ. ನಾನು ಡೆಸ್ಕಿನಿಂದ ನೋಡುತ್ತಿದ್ದೆ. ಜನ ಮೊದಲ ಫಲಕದ ತಲೆಬರಹ ನೋಡಿ ಶೌಚಾಲಯದ ಕಡೆ ತಿರುಗುತ್ತಿದ್ದರು. ಮಕ್ಕಳಿಗೆ ಅದು ತಲೆಯ ಮೇಲಿನ ಗೋಡೆ, ಕಣ್ಣಿಗೇ ಬೀಳುವುದಿಲ್ಲ. ಅದರ ಜೊತೆ ಚಿತ್ರ ದೊಡ್ಡದು ಮಾಡಿ ಹಾಕೋಣ ಎಂಬ ಮಾತು ಬಂತು. ಅದಕ್ಕೆ ಹಕ್ಕುದಾರರ ಅನುಮತಿ ಬೇಕು, ಸಮಯ ಬೇಕು. ನಾನು ಬೇಡ ಎಂದೆ.

ನನ್ನ ವಿಧಾನ ಸರಳ. ಪುಸ್ತಕವನ್ನೇ ತೆರೆದಿಡುವುದು. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ 109ನೇ ಕಲಮು, ನ್ಯಾಯವಾಗಿ ಕೊಂಡ ಪ್ರತಿಯನ್ನು ಅದು ಇರುವ ಜಾಗದಲ್ಲಿ ಜನರಿಗೆ ತೋರಿಸಲು ಬಿಡುತ್ತದೆ. ನಕಲು ಮಾಡಬಾರದು, ಅಷ್ಟೇ. ಕಪಾಟಿನಲ್ಲೇ ಇರುವ ಪುಸ್ತಕ ನೋಡಲು ಯಾರು ಬರುತ್ತಾರೆ ಎಂದು ನಕ್ಕರು. ಬಂದರು. ಯಾಕೆಂದರೆ ಒಂದು ಪುಟವನ್ನು ಅದರ ಪಕ್ಕದ ವಸ್ತುವಿನ ಜೊತೆ ನೋಡಿದಾಗ, ನೂರು ಸಲ ಓದಿದವರಿಗೂ ಅದು ಬೇರೆ ಪುಟವಾಗಿ ಕಾಣುತ್ತದೆ.

ಪ್ರತಿಗಳನ್ನು ಹಳೇ ಪುಸ್ತಕದ ಮಾರಾಟದಲ್ಲಿ ಒಂದೆರಡು ಡಾಲರಿಗೆ ಒಂದರಂತೆ ಆರಿಸಿದೆ. ಅರವತ್ತರ ದಶಕದ ಮೊದಲ ಮುದ್ರಣಗಳ ಹಿಂದೆ ಹೋಗಬೇಡಿ. ಬೆಲೆ ಕೇಳಿದರೆ ಕೈ ಸುಡುತ್ತದೆ, ಮತ್ತು ಮಕ್ಕಳಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ. ಪುಸ್ತಕ ತೆರೆದಿಡುವ ತೊಟ್ಟಿಲುಗಳನ್ನು ಫ್ರೇಮ್ ಅಂಗಡಿಯವರು ಬಿಸಾಡುವ ದಪ್ಪ ರಟ್ಟಿನ (ಮ್ಯಾಟ್ ಬೋರ್ಡ್) ತುಂಡುಗಳಲ್ಲಿ ಕತ್ತರಿಸಿಕೊಂಡೆ. ಪುಕ್ಕಟೆ. ಪುಟವನ್ನು ವಾರಕ್ಕೊಮ್ಮೆ ತಿರುಗಿಸಿದೆ. ಬೆಳಕಿನ ಹೊಡೆತ ಒಂದೇ ಪುಟಕ್ಕೆ ಬೀಳುವುದಿಲ್ಲ, ಜನರಿಗೂ ಮತ್ತೆ ಬರಲು ಕಾರಣ ಸಿಗುತ್ತದೆ. ಗಾಜಿನ ಹೊಳಪು ಹೋಗಿಸಲು ನಾನು ಮಾಡಿದ ಉಪಾಯ ಒಂದಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಗ್ರಂಥಾಲಯಕ್ಕೆ ಬಂದರೆ ತೋರಿಸುತ್ತೇನೆ.

ಎಲ್ಲವನ್ನೂ ಸುಮಾರು ಮೂರಡಿ ಎತ್ತರಕ್ಕೆ ಇಳಿಸಿದೆ. ದೊಡ್ಡವರು ಬಗ್ಗಬೇಕಾಗುತ್ತದೆ ಎಂಬ ಆಕ್ಷೇಪ ಬಂತು. ಬಗ್ಗಲಿ. ಗಾಲಿಕುರ್ಚಿಯಲ್ಲಿ ಬರುವ ಹಿರಿಯರೊಬ್ಬರು ಎಲ್ಲವನ್ನೂ ಆರಾಮವಾಗಿ ನೋಡಿದ್ದು ಇದೇ ಮೊದಲು ಎಂದರು.

ಎನಾಮಲ್ ಮೇಜು ಹಳೇ ಸಾಮಾನಿನ ಅಂಗಡಿಯಲ್ಲಿ 40 ಡಾಲರಿಗೆ ಸಿಕ್ಕಿತು. 70 ಹೇಳಿದ್ದರು, ಚೌಕಾಶಿ ಮಾಡಿದೆ. ಒಂದು ಮೂಲೆಯಲ್ಲಿ ಎನಾಮಲ್ ಕಿತ್ತು ಹೋಗಿತ್ತು. ಮಕ್ಕಳ ಕೈಗೆ ಚುಚ್ಚದಂತೆ ಉಜ್ಜಿ ನುಣುಪು ಮಾಡಿದೆ. ಬಟ್ಟೆ ಕೊಟ್ಟವರು ನಮ್ಮಲ್ಲೇ ಸ್ವಯಂಸೇವೆ ಮಾಡುವ ಒಬ್ಬ ಹಿರಿಯ ಯಹೂದಿ ಮಹಿಳೆ. ಅವರ ತಾಯಿಯ ಬಿಳಿ ಹತ್ತಿ ಬಟ್ಟೆ. ನಾನು ಸಂಕೋಚ ಪಟ್ಟೆ. ಮಕ್ಕಳು ಮುಟ್ಟದಿದ್ದರೆ ಇದು ಯಾತಕ್ಕೆ ಎಂದು ಅವರೇ ಒತ್ತಾಯ ಮಾಡಿದರು. ಜೊತೆಗೆ ಸಬ್ಬತ್‌ಗೆ ಇಡುವ ಮೇಣದ ಬತ್ತಿ, ಬ್ರೆಡ್ಡು ಇಡೋಣವೇ ಎಂದು ಕೇಳಿದೆ. ಬೇಡ, ಬಟ್ಟೆ ಒಂದೇ ಸಾಕು, ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ಕೇಳುತ್ತಾರೆ ಎಂದರು. ಪೂರಾ ಹಾಗೇ ಆಯಿತು.

ನಿಯಮ ಒಂದೇ. ಮಗು ಮೇಜಿನ ಮೇಲೆ ಏನು ಬೇಕಾದರೂ ಬಿಡಿಸಬಹುದು. ನಾವು ಒರೆಸುವುದಿಲ್ಲ. ಬಿಡಿಸಿ ಮುಗಿದ ಮೇಲೆ ಬಟ್ಟೆ ಮುಚ್ಚಬೇಕು. ಮುಂದಿನವರು ಬಂದಾಗ ಬಟ್ಟೆ ಎತ್ತಿ ತೋರಿಸಬೇಕು. ಬಳಪದ ಪೆನ್ಸಿಲ್ ಬಟ್ಟೆಗೆ ಹತ್ತಿಕೊಳ್ಳುತ್ತದೆ, ಚಾಕ್ ಪುಡಿಯಾಗುತ್ತದೆ, ಬಿಳಿ ಬೋರ್ಡಿನ ಮಾರ್ಕರ್ ಬಟ್ಟೆ ಉಜ್ಜಿದ ಕೂಡಲೇ ಅಳಿಸಿಹೋಗುತ್ತದೆ. ಎಲ್ಲ ಪ್ರಯತ್ನ ಮಾಡಿ ಕೊನೆಗೆ ಒಂದು ಬಗೆಯ ಮೇಣದ ಪೆನ್ಸಿಲ್‌ಗೆ ಬಂದೆ. ಮೇಲೆ ಬಟ್ಟೆ ಹಾಸುವ ಮುಂಚೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟೆ. ಎರಡನೇ ವಾರದ ಹೊತ್ತಿಗೆ ಮೇಜಿನಲ್ಲಿ ಖಾಲಿ ಜಾಗ ಇರಲಿಲ್ಲ. ಮಕ್ಕಳು ಒಬ್ಬರ ಚಿತ್ರದೊಳಗೆ ಒಬ್ಬರು ಬಿಡಿಸತೊಡಗಿದರು.

ಇನ್ನೊಂದು ಕಡೆ ತಂದೆಯ ಕಥೆ. ಬೆಂಜಮಿನ್ ಕಾಟ್ಜ್ ನ್ಯೂಯಾರ್ಕಿನ ಕಲಾವಿದರ ಬಡಾವಣೆಯಾದ ಗ್ರೀನ್‌ವಿಚ್ ವಿಲೇಜ್‌ನಲ್ಲಿ ಮಾಣಿಯಾಗಿದ್ದರು. ಚಿತ್ರ ಬರೆದು ಹೊಟ್ಟೆ ಹೊರೆಯಲು ಆಗುವುದಿಲ್ಲ ಎಂದು ಮಗನಿಗೆ ಹೇಳುತ್ತಲೇ, ಬಣ್ಣದ ಟ್ಯೂಬು ತಂದು ಕೊಡುತ್ತಿದ್ದರು. ಹಸಿದ ಕಲಾವಿದನೊಬ್ಬ ಒಂದು ಬಟ್ಟಲು ಸೂಪಿಗೆ ಬದಲಾಗಿ ಇದನ್ನು ಕೊಟ್ಟ ಎಂದು ಸುಳ್ಳು ಹೇಳುತ್ತಿದ್ದರು. 1935ರ ಜನವರಿಯಲ್ಲಿ, ಮಗನ ಹೈಸ್ಕೂಲ್ ಪದವಿ ಸಮಾರಂಭದ ಹಿಂದಿನ ದಿನ, ಬೀದಿಯಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಗುರುತು ಹಿಡಿಯಲು ಹೋದ ಮಗನಿಗೆ ಅವರ ಪರ್ಸಿನಲ್ಲಿ ಸಿಕ್ಕಿದ್ದು, ತನ್ನ ಬಹುಮಾನಗಳ ಸುದ್ದಿಯ ಪತ್ರಿಕೆ ತುಂಡುಗಳು. ಮಡಿಸಿ ಮಡಿಸಿ ಸವೆದಿದ್ದವು.

ಇದಕ್ಕೆ ನಾನು ಒಂದು ಬಟ್ಟಲು, ಹಿಂಡಿದ ಬಣ್ಣದ ಟ್ಯೂಬು, ಹಳೇ ಚರ್ಮದ ಪರ್ಸು ಇಟ್ಟೆ. ಪರ್ಸಿನೊಳಗೆ ಮಡಿಸಿ ಸವೆಸಿದ ಖಾಲಿ ಸುದ್ದಿ ಕಾಗದ. ಹಳೇ ಪತ್ರಿಕೆಯಂತೆ ಸುಳ್ಳು ಅಕ್ಷರ ಅಚ್ಚು ಹಾಕಿಸಲು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಇಲ್ಲದ ದಾಖಲೆ ಸೃಷ್ಟಿಸುವುದು ಗ್ರಂಥಾಲಯದವರ ಕೆಲಸವಲ್ಲ. ಚೀಟಿಯಲ್ಲಿ ಎರಡೇ ವಾಕ್ಯ. ಅಪ್ಪಂದಿರು ಜಾಸ್ತಿ ಹೊತ್ತು ನಿಂತದ್ದು ಇಲ್ಲೇ. ಪರ್ಸು ಕಾಣೆಯಾಯಿತು, ಇನ್ನೊಂದು ತಂದಿಟ್ಟೆ, ಅದೂ ಹೋಯಿತು. ಎರಡು ಡಾಲರಿನ ಪರ್ಸಿಗೆ ಕೊನೆಗೆ ತಂತಿ ಹಾಕಿ ಕಟ್ಟಿದೆ.

ಹೆಸರಿನ ವಿಷಯ ಬಿಡುವಂತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಮರೆಮಾಚುವ ವಿನ್ಯಾಸಗಳನ್ನು ಮಾಡಿಕೊಟ್ಟ ಮನುಷ್ಯ, ವಾಪಸು ಬಂದ ಮೇಲೆ 1947ರಲ್ಲಿ ಕಾನೂನು ಪ್ರಕಾರ ಹೆಸರು ಬದಲಿಸಿ ಎಜ್ರಾ ಜ್ಯಾಕ್ ಕೀಟ್ಸ್ ಆದರು. ಆಗ ಯಹೂದಿ ಹೆಸರಿದ್ದರೆ ಕೆಲಸ ಸಿಗುವುದು ಕಷ್ಟ. ತಿರುಗಿಸುವ ಮರದ ಹಲಗೆಯ ಒಂದು ಬದಿ ಹಳೇ ಹೆಸರು, ಇನ್ನೊಂದು ಬದಿ ಹೊಸದು. ಮಕ್ಕಳು ಪಟಪಟ ತಿರುಗಿಸುತ್ತಾ ಯಾಕೆ ಬದಲಿಸಿದರು ಎಂದು ಕೇಳುತ್ತಾರೆ. ಆಗ ಹೇಳಬೇಕು. ಆ ಪ್ರಶ್ನೆ ಬರುವ ಮುಂಚೆ ಹೇಳಬಾರದು. ಒಬ್ಬ ಹಿರಿಯರು ಬೇಸರ ಮಾಡಿಕೊಂಡರು. ಅವರೇ ಮರೆಸಿದ್ದನ್ನು ನೀವು ಯಾಕೆ ಕೆದಕುತ್ತೀರಿ ಎಂದರು. ಕೀಟ್ಸ್ ಮನೆಯ ಕಥೆಗಳನ್ನು ಸ್ವತಃ ಹೇಳಿಕೊಂಡಿದ್ದರು, ಎಜ್ರಾ ಎಂಬ ಹೀಬ್ರೂ ಹೆಸರನ್ನು ಬಿಡದೆ ಮುಂದಕ್ಕೆ ತಂದಿದ್ದರು ಎಂದು ವಿವರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ತಮ್ಮ ಚಿಕ್ಕಪ್ಪನೂ ಹೆಸರು ಬದಲಿಸಿದ ಕಥೆ ಹೇಳಿ ಅರ್ಧ ಗಂಟೆ ಕೂತರು. ನಮ್ಮ ಕನ್ನಡ ಕೂಟದ ಅಪ್ಪ ಅಮ್ಮಂದಿರಿಗೂ ಈ ಹಲಗೆ ತಟ್ಟಿತು. ಶಾಲೆಯಲ್ಲಿ ಮಕ್ಕಳ ಹೆಸರು ತುಂಡಾಗುವುದು ಅವರಿಗೆ ಗೊತ್ತಿರುವ ಸಂಗತಿ.

ಈಸ್ಟ್ ನ್ಯೂಯಾರ್ಕಿನ ಬೀದಿಯನ್ನು ತೋರಿಸಲು ಒಳ್ಳೆಯ ಮೂಲ ಒಂದಿದೆ. ನ್ಯೂಯಾರ್ಕ್ ನಗರ ತೆರಿಗೆ ಲೆಕ್ಕಕ್ಕಾಗಿ 1939ರಿಂದ 1941ರ ನಡುವೆ ತನ್ನ ಐದೂ ಆಡಳಿತ ಭಾಗಗಳ (ಬರೋ) ಕಟ್ಟಡಗಳ ಫೋಟೋ ತೆಗೆಸಿತ್ತು. ನಗರದ ದಾಖಲೆ ಇಲಾಖೆಯಲ್ಲಿ ಅವು ಸಿಗುತ್ತವೆ. ಆ ಪ್ರಿಂಟುಗಳು ನಮ್ಮ ಖರ್ಚಿನಲ್ಲಿ ಫಲಕಗಳ ನಂತರದ ದೊಡ್ಡ ಬಾಬ್ತು, ಆದರೆ ದುಡ್ಡು ಸಾರ್ಥಕ. 'ದ ಸ್ನೋಯಿ ಡೇ' ಪುಟದಲ್ಲಿ ಹಿಮ ಹೊದ್ದ ನಗರ, ಪಕ್ಕದಲ್ಲಿ ಅವರು ಬೆಳೆದ ಪ್ರದೇಶದ ಇಟ್ಟಿಗೆ ಮನೆಗಳು. ಪೀಟರ್ ಆಡುವ ಊರು ಯಾವ ಬಾಲ್ಯದಿಂದ ಬಂತು ಎಂದು ಬೇರೆ ಬರೆಯಬೇಕಿಲ್ಲ.

ಪೀಟರ್ ಕಪ್ಪು ಹುಡುಗ ಯಾಕೆ ಎಂಬುದನ್ನು ಮುಚ್ಚಿಡಲು ನನಗೆ ಮನಸ್ಸಿರಲಿಲ್ಲ. 1940ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದ ಜಾರ್ಜಿಯಾದ ಒಬ್ಬ ಪುಟ್ಟ ಹುಡುಗನ ಫೋಟೋಗಳನ್ನು ಕೀಟ್ಸ್ ಕತ್ತರಿಸಿ ಇಟ್ಟುಕೊಂಡಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ನಂತರ ಅವನೇ ಪೀಟರ್ ಆದ. ಆ ಮಗು ಮೊದಲಿನಿಂದಲೂ ಪುಸ್ತಕಗಳಲ್ಲಿ ಇರಬೇಕಿತ್ತು ಎಂಬುದು ಅವರ ಮಾತಿನ ಸಾರ. 1965ರಲ್ಲಿ ಶಿಕ್ಷಣ ತಜ್ಞೆ ನ್ಯಾನ್ಸಿ ಲಾರಿಕ್ ಸ್ಯಾಟರ್ಡೇ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಈ ಪುಸ್ತಕದ ಮೇಲೂ ಟೀಕೆ ಇತ್ತು. ಹುಡುಗ ಕಪ್ಪು ಎಂದು ಪಠ್ಯ ಎಲ್ಲೂ ಹೇಳುವುದಿಲ್ಲ, ತಾಯಿಯ ಚಿತ್ರಣ ಹಳೇ ಅಚ್ಚಿನದು ಎಂದು. ಇನ್ನೊಂದು ಕಡೆ ಕಪ್ಪು ಅಮೆರಿಕನ್ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಮೆಚ್ಚಿ ಪತ್ರ ಬರೆದಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟೆ. ಪರಂಪರೆಯ ತಿಂಗಳಲ್ಲಿ ಜಗಳದ ವಿಷಯ ಯಾಕೆ ಎಂದು ತೆಗೆಯಲು ಹೇಳಿದರು. ನಾನು ತೆಗೆಯಲಿಲ್ಲ. ಹೆಸರಿನ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಂಡವರು ಇನ್ನೊಬ್ಬರ ಮಗುವಿಗೆ ಬಾಗಿಲು ತೆರೆದದ್ದು ಈ ಪ್ರದರ್ಶನದ ನಡುಮನೆ. ಅದನ್ನು ಬಿಟ್ಟರೆ ಸುಮ್ನೆ ಹುಟ್ಟು ಸಾವಿನ ಪಟ್ಟಿ ಆಗುತ್ತದೆ, ಅಲ್ವಾ?

ಕಾಗದ, ಬಟ್ಟೆ ತುಂಡು ಅಂಟಿಸಿ ಚಿತ್ರ ಮಾಡುವ ಕೊಲಾಜ್ ಮೇಜಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೀಟ್ಸ್ ಈ ಪುಸ್ತಕದಲ್ಲಿ ಅಮ್ಮನ ಉಡುಪಿಗೆ ಕಪಾಟಿನೊಳಗೆ ಹಾಸುವ ಆಯಿಲ್‌ಕ್ಲಾತ್ ಬಳಸಿದರು. ಹಿಮದ ಹರಳುಗಳಿಗೆ ಗಮ್ ಇರೇಸರ್ ಕೊರೆದು ಅಚ್ಚು ಒತ್ತಿದರು. ಮಲಗುವ ಕೋಣೆಯ ಬೂದು ಬಣ್ಣ ಟೂತ್‌ಬ್ರಷ್‌ನಿಂದ ಚಿಮುಕಿಸಿದ ಇಂಡಿಯಾ ಇಂಕ್. ಆಯಿಲ್‌ಕ್ಲಾತ್ ನಮಗೆ ಮೆಕ್ಸಿಕನ್ ಅಂಗಡಿಯಲ್ಲಿ ಸಿಕ್ಕಿತು, ಗಜಕ್ಕೆ ಏಳೆಂಟು ಡಾಲರ್. ಇಂಡಿಯಾ ಇಂಕ್ ಮಾತ್ರ ಬೇಡವೇ ಬೇಡ. ನೆಲಹಾಸಿನಿಂದ ಹೋಗುವುದಿಲ್ಲ. ತೊಳೆದರೆ ಹೋಗುವ ಕಪ್ಪು ಬಣ್ಣ ನೀರು ಮಾಡಿ ಚಿಮುಕಿಸಿದರೆ ಪರಿಣಾಮ ಅದೇ.

ಮಕ್ಕಳ ಕೈಗೆ ಕೊರೆಯುವ ಚಾಕು ಕೊಡಲಾಗದು. ಇರೇಸರ್ ಬದಲು ಬೆಂಡೆಕಾಯಿ ಅಡ್ಡ ಕತ್ತರಿಸಿ ಒತ್ತಿಸಿದೆ. ಚೆಂದದ ನಕ್ಷತ್ರ ಬರುತ್ತದೆ. ಆದರೆ ಬೆಂಡೆಗೆ ಸಾಮಾನ್ಯವಾಗಿ ಐದು ಮೂಲೆ, ಹಿಮದ ಹರಳಿಗೆ ಆರು. ಒಂದು ಹುಡುಗಿ ಅದನ್ನು ಹಿಡಿದಳು. ಆಮೇಲೆ ಆರು ಮೂಲೆಯ ಬೆಂಡೆ ಹುಡುಕುವುದೇ ಮಕ್ಕಳಿಗೆ ಆಟವಾಯಿತು. ಅಂಥದ್ದೂ ಒಂದೊಂದು ಸಿಗುತ್ತದೆ. ಲೋಳೆಯಿಂದ ಕಾಗದ ಅಂಟಿಕೊಳ್ಳುತ್ತದೆ, ಹಿಂದಿನ ರಾತ್ರಿಯೇ ಕತ್ತರಿಸಿ ಒಣಗಿಸಿ. ಕೀಟ್ಸ್ ಅವರ ಮುಂದಿನ ಪುಸ್ತಕಗಳಲ್ಲಿ ಕಾಣುವ, ಬಣ್ಣ ಅಲೆಅಲೆಯಾಗಿ ಹರಡಿದ ಮಾರ್ಬ್ಲಿಂಗ್ ಕಾಗದವನ್ನು ಶೇವಿಂಗ್ ಕ್ರೀಮಿನಲ್ಲಿ ಮಾಡಿದೆವು. ಬಣ್ಣ ಅದ್ಭುತವಾಗಿ ಬಂತು. ವಾಸನೆ ಎರಡು ದಿನ ಹೋಗಲಿಲ್ಲ.

ಮುಖ್ಯವಾದ ಒಂದು ಮಾತು. ಚಟುವಟಿಕೆಯನ್ನು ಶನಿವಾರ ಇಡಬೇಡಿ. ಸಬ್ಬತ್ ಪಾಲಿಸುವ ಮನೆಯವರು ಆ ದಿನ ಕತ್ತರಿಸುವುದಿಲ್ಲ, ಬರೆಯುವುದಿಲ್ಲ, ಕಾರು ಓಡಿಸುವುದಿಲ್ಲ. ಯಹೂದಿ ಪರಂಪರೆಯ ಪ್ರದರ್ಶನ ಮಾಡಿ ಅವರನ್ನೇ ಹೊರಗಿಟ್ಟ ಹಾಗೆ ಆಗುತ್ತದೆ. ನಾನು ಭಾನುವಾರ ಇಟ್ಟೆ. ಭಾನುವಾರ ಯಾರೂ ಬರುವುದಿಲ್ಲ ಎಂದರು. ಕುರ್ಚಿ ಸಾಲಲಿಲ್ಲ. ನಲವತ್ತು ಮಕ್ಕಳಾದರೂ ಇದ್ದರು, ಅವರಲ್ಲಿ ಕನ್ನಡ ಕೂಟದವರು ಎಂಟ್ಹತ್ತು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಅರ್ಧದಷ್ಟು ಗ್ರಂಥಾಲಯದ ಗೆಳೆಯರ ಬಳಗ ಕೊಟ್ಟಿತು. ಉಳಿದದ್ದು ನಮ್ಮ ವಿಭಾಗದ ಬಜೆಟ್. ಹಾಳಾದ ಫೋಮ್ ಬೋರ್ಡೇ ಕಾಲು ಭಾಗ ನುಂಗಿತು. ಅದೊಂದು ಇಲ್ಲದಿದ್ದರೆ 450ರಲ್ಲಿ ಮುಗಿಯುತ್ತಿತ್ತು. ಎಜ್ರಾ ಜ್ಯಾಕ್ ಕೀಟ್ಸ್ ಫೌಂಡೇಶನ್ ಸಾರ್ವಜನಿಕ ಶಾಲೆ, ಗ್ರಂಥಾಲಯಗಳಿಗೆ ಸಣ್ಣ ಅನುದಾನ ಕೊಡುತ್ತದೆ. ನಮ್ಮ ಸಮಿತಿ ಒಪ್ಪುವಷ್ಟರಲ್ಲಿ ಅರ್ಜಿಯ ದಿನ ದಾಟಿತ್ತು. ನೀವು ಮೊದಲೇ ನೋಡಿಕೊಳ್ಳಿ.

ಜೂನ್ ಮೊದಲ ವಾರದವರೆಗೂ ನಮ್ಮ ಕಪಾಟಿನಲ್ಲಿ ಕೀಟ್ಸ್ ಪುಸ್ತಕ ಒಂದೂ ಇರಲಿಲ್ಲ, ಎಲ್ಲ ಎರವಲು ಹೋಗಿದ್ದವು. ಅವರ 'ಪೀಟರ್ಸ್ ಚೇರ್' ಪುಸ್ತಕಕ್ಕೆ ಕಾಯುವವರ ಸಾಲು ಇತ್ತು. ಅಕ್ಕಪಕ್ಕದ ಊರಿನ ಗ್ರಂಥಾಲಯದವರು ಮೇಜನ್ನು ಎರವಲು ಕೇಳಿ ಒಯ್ದಿದ್ದಾರೆ. ನನ್ನ ಷರತ್ತು ಎರಡೇ. ಮಕ್ಕಳ ಚಿತ್ರ ಒರೆಸಬಾರದು, ಬಟ್ಟೆ ಅವರದೇ ಊರಿನ ಯಾವುದಾದರೂ ಯಹೂದಿ ಮನೆಯಿಂದ ಬರಬೇಕು. ಅಂಗಡಿಯಿಂದ ತಂದರೆ ಕೆಲಸ ಮಾಡುವುದಿಲ್ಲ.

ಮುಂದಿನ ಮೇ ತಿಂಗಳಿಗೆ ತುಂಟ ಕೋತಿಯ ಮಕ್ಕಳ ಪುಸ್ತಕ 'ಕ್ಯೂರಿಯಸ್ ಜಾರ್ಜ್' ಮಾಡಿದ ಮಾರ್ಗ್ರೆಟ್ ಮತ್ತು ಎಚ್.ಎ. ರೇ ದಂಪತಿಯನ್ನು ಆರಿಸಿಕೊಂಡಿದ್ದೇನೆ. ಇಬ್ಬರೂ ಹ್ಯಾಂಬರ್ಗ್‌ನ ಯಹೂದಿಗಳು. 1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕುವ ಮುಂಚೆ, ಬಿಡಿ ಭಾಗ ಜೋಡಿಸಿದ ಸೈಕಲ್ಲುಗಳಲ್ಲಿ ಹಸ್ತಪ್ರತಿ ಹೇರಿಕೊಂಡು ಊರು ಬಿಟ್ಟವರು. ಮುಂಗೋಣೆಯಲ್ಲಿ ಸೈಕಲ್ ನಿಲ್ಲಿಸುತ್ತೇನೆ ಎಂದಿದ್ದಕ್ಕೆ ಸಮಿತಿ ಮತ್ತೆ ತಲೆ ಅಲ್ಲಾಡಿಸುತ್ತಿದೆ. ನ್ಯೂಜೆರ್ಸಿ ಕಡೆ ಯಾರ ಗ್ಯಾರೇಜಿನಲ್ಲಾದರೂ ಹಳೇ ಕಾಲದ ಸೈಕಲ್ ಇದ್ದರೆ ತಿಳಿಸಿ. ಓಡದಿದ್ದರೂ ಪರವಾಗಿಲ್ಲ. ಹಿಂದೆ ಬುಟ್ಟಿ ಕಟ್ಟುವ ಕ್ಯಾರಿಯರ್ ಇರಬೇಕು.